ಕೇಳುವ ಕೋಣೆ ಮತ್ತು ಧ್ವನಿವರ್ಧಕ

ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿಗೆ ಸೇರಿದ ತಲಕಾಡು ಕಾವೇರಿಯ ದಂಡೆಯಲ್ಲಿರುವ ಪುರಾತನ ಊರು. ಹಿಂದೆ ಗಂಗರ ರಾಜಧಾನಿಯಾಗಿ ಮೆರೆದ ಈ ಊರು ಇಂದು ತನ್ನ ಮರಳ ದಿಬ್ಬಗಳಿಗೆ ಹೆಸರಾಗಿದೆ. ಇಲ್ಲಿಗೆ ಬರುವ ಯಾತ್ರಿಕರು ಕಣ್ಣಿಗೆ ಹಬ್ಬವಾಗುವ ದೇವಾಲಯಗಳನ್ನು ನೋಡಿ ಹಿಂದಿರುಗುತ್ತಾರೆ. ಆದರೆ ಕಿವಿಯನ್ನು ತೆರೆದಿಟ್ಟುಕೊಂಡು ಬಂದವರಿಗೆ ಇಲ್ಲಿ ಇನ್ನೊಂದು ಪಾಠವೂ ದೊರೆಯುತ್ತದೆ. ಮರಳ ದಿಬ್ಬದ ಮೇಲೆ ನಿಂತು ಚಪ್ಪಾಳೆ ತಟ್ಟಿದರೆ ಸದ್ದು ಹುಟ್ಟಿದಲ್ಲಿಯೇ ಅಡಗಿಹೋಗುತ್ತದೆ. ಅದೇ ಚಪ್ಪಾಳೆಯನ್ನು ಹೊಯ್ಸಳ ವಿಷ್ಣುವರ್ಧನನು ಕಟ್ಟಿಸಿದ ಕೀರ್ತಿನಾರಾಯಣ ದೇವಾಲಯದ ಕಲ್ಲಿನ ಮಂಟಪದಲ್ಲಿ ತಟ್ಟಿದರೆ ಸದ್ದು ಗೋಡೆಯಿಂದ ಗೋಡೆಗೆ, ಕಂಬದಿಂದ ಕಂಬಕ್ಕೆ ತಾಗಿ ಕ್ಷಣಕಾಲ ಉಳಿಯುತ್ತದೆ. ಕೈಗಳು ಅವೇ, ಚಪ್ಪಾಳೆಯೂ ಅದೇ. ಕೇಳಿಸಿದ ಸದ್ದು ಮಾತ್ರ ಬೇರೆ. ಸಡಿಲವಾದ ಮರಳು ಶಬ್ದವನ್ನು ಹೀರಿಕೊಳ್ಳುತ್ತದೆ. ಕಲ್ಲು ಅದನ್ನು ಹಿಂದಕ್ಕೆ ಎಸೆಯುತ್ತದೆ. ನಾವು ಕೇಳುವ ಪ್ರತಿಯೊಂದು ಶಬ್ದದಲ್ಲಿಯೂ ಅದು ಹುಟ್ಟಿದ ವಸ್ತುವಿನ ಪಾಲಿನಂತೆ ಅದು ತುಂಬಿಕೊಂಡ ಸ್ಥಳದ ಪಾಲೂ ಇರುತ್ತದೆ. ಮನೆಗೆ ಒಳ್ಳೆಯ ಧ್ವನಿವರ್ಧಕವನ್ನು ಕೊಳ್ಳಬಯಸುವವನು ಮೊದಲು ತಿಳಿಯಬೇಕಾದುದು ಈ ಸಂಗತಿಯನ್ನೇ.

ಧ್ವನಿವರ್ಧಕವೆಂದ ಕೂಡಲೇ ಜಾತ್ರೆಯಲ್ಲಿ ಮರಕ್ಕೆ ಕಟ್ಟಿದ ಕಹಳೆಯಾಕಾರದ ಉಪಕರಣ ನಮ್ಮ ಕಣ್ಣ ಮುಂದೆ ನಿಲ್ಲುತ್ತದೆ. ಅದರ ಕೆಲಸ ಮಾತನ್ನು ದೂರಕ್ಕೆ ಮುಟ್ಟಿಸುವುದು. ತಲಕಾಡಿನ ಪಂಚಲಿಂಗ ದರ್ಶನದಂತಹ ಜನಸಾಗರದಲ್ಲಿ ಮಗು ತಪ್ಪಿಹೋದರೆ ಅದರ ಹೆಸರನ್ನು ನಾಲ್ಕು ದಿಕ್ಕಿಗೂ ಸಾರುವುದಕ್ಕೆ ಅದಕ್ಕಿಂತ ತಕ್ಕ ಸಾಧನವಿಲ್ಲ. ಆದರೆ ಅದು ಮಂದ್ರದ ಗಾಂಭೀರ್ಯವನ್ನೂ ತಂಬೂರಿಯ ಸೂಕ್ಷ್ಮವಾದ ಝೇಂಕಾರವನ್ನೂ ಕೈಬಿಟ್ಟು, ಮಾತಿಗೆ ಬೇಕಾದ ನಡುವಣ ಸ್ವರಗಳನ್ನು ಮಾತ್ರ ಬಲವಾಗಿ ಒಯ್ಯುತ್ತದೆ. ಮನೆಯ ಧ್ವನಿವರ್ಧಕದ ಧರ್ಮ ಬೇರೆ. ಗಾಯಕನು ಎದುರಿಗೆ ಕುಳಿತು ಹಾಡಿದರೆ ಹೇಗೆ ಕೇಳಿಸುವುದೋ ಹಾಗೆ ಕೇಳಿಸುವುದೇ ಅದರ ಹೊಣೆ. ಮೊದಲನೆಯದು ದೂರಕ್ಕೆ ಕೂಗುವ ಸಾಧನ. ಎರಡನೆಯದು ಸತ್ಯವನ್ನು ನುಡಿಯುವ ಸಾಧನ.

ಧ್ವನಿವರ್ಧಕವು ಕೆಲಸ ಮಾಡುವ ಬಗೆ ಸರಳವಾದುದು. ಒಂದು ಅಯಸ್ಕಾಂತದ ಕಿರಿದಾದ ಸಂದಿಯಲ್ಲಿ ತಂತಿಯ ಸುರುಳಿಯೊಂದನ್ನು ತೂಗಿಬಿಟ್ಟಿರುತ್ತಾರೆ. ಸಂಗೀತವನ್ನು ಹೊತ್ತ ವಿದ್ಯುತ್ಪ್ರವಾಹ ಸುರುಳಿಯಲ್ಲಿ ಹರಿದಾಗ ಅದು ಹಿಂದಕ್ಕೂ ಮುಂದಕ್ಕೂ ಅಲುಗುತ್ತದೆ. ಸುರುಳಿಗೆ ಅಂಟಿಸಿದ ಕಾಗದದ ಅಥವಾ ಅಂತಹ ಹಗುರವಾದ ವಸ್ತುವಿನ ಶಂಕು ತಾನೂ ಅಲುಗಿ ಗಾಳಿಯನ್ನು ಕಂಪಿಸುತ್ತದೆ. ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬ ಎಂಜಿನಿಯರುಗಳು ೧೯೨೫ರಲ್ಲಿ ವಿವರಿಸಿದ ಈ ರಚನೆ ಇಂದಿಗೂ ಬಹುಪಾಲು ಧ್ವನಿವರ್ಧಕಗಳಿಗೆ ಮೂಲವಾಗಿದೆ. ಮನುಷ್ಯನ ಕಿವಿ ಸುಮಾರು ೨೦ ಹರ್ಟ್ಸ್‌ನಿಂದ ೨೦,೦೦೦ ಹರ್ಟ್ಸ್‌ವರೆಗಿನ ಕಂಪನಗಳನ್ನು ಗ್ರಹಿಸಬಲ್ಲದು. ಇಷ್ಟೊಂದು ವ್ಯಾಪ್ತಿಯನ್ನು ಒಂದೇ ಶಂಕು ಸರಿಯಾಗಿ ನಿರ್ವಹಿಸುವುದು ಕಷ್ಟ. ಆದ್ದರಿಂದ ತಗ್ಗಿನ ಸ್ವರಗಳಿಗೆ ವೂಫರ್ ಎಂಬ ದೊಡ್ಡ ಶಂಕುವನ್ನೂ ಎತ್ತರದ ಸ್ವರಗಳಿಗೆ ಟ್ವೀಟರ್ ಎಂಬ ಚಿಕ್ಕದನ್ನೂ ಒಂದೇ ಪೆಟ್ಟಿಗೆಯಲ್ಲಿ ಜೋಡಿಸುತ್ತಾರೆ.

ಪೆಟ್ಟಿಗೆಯು ಅಂದಕ್ಕಾಗಿ ಇರುವುದಲ್ಲ. ಶಂಕು ಮುಂದಕ್ಕೆ ಚಲಿಸಿದಾಗ ಅದರ ಮುಂದೆ ಗಾಳಿ ಒತ್ತುತ್ತದೆ, ಹಿಂದೆ ಸಡಿಲವಾಗುತ್ತದೆ. ನಡುವೆ ತಡೆಯಿಲ್ಲದಿದ್ದರೆ ಇವೆರಡೂ ಬೆರೆತು ತಗ್ಗಿನ ಸ್ವರಗಳು ನಾಶವಾಗುತ್ತವೆ. ಆದರೆ ತಡೆಯಲು ಕಟ್ಟಿದ ಪೆಟ್ಟಿಗೆಯೇ ನಡುಗತೊಡಗಿದರೆ ಅದು ಸಂಗೀತಕ್ಕೆ ತನ್ನ ದನಿಯನ್ನೂ ಸೇರಿಸುತ್ತದೆ. ಇಂಗ್ಲೆಂಡಿನ ವಾರ್ಫ್‌ಡೇಲ್ ಸಂಸ್ಥೆಯ ಸ್ಥಾಪಕ ಬ್ರಿಗ್ಸ್ ಎಂಬವರು ಇದಕ್ಕೆ ಕಂಡುಕೊಂಡ ಉಪಾಯವೊಂದನ್ನು ಕೇಳಿದರೆ ತಲಕಾಡಿನವರಿಗೆ ಸಂತೋಷವಾದೀತು. ಅವರು ೧೯೫೦ರ ದಶಕದಲ್ಲಿ ಎರಡು ಹಲಗೆಗಳ ನಡುವೆ ಒಣ ಮರಳನ್ನು ತುಂಬಿದರು. ಮರಳಿನ ಕಣಗಳು ಒಂದಕ್ಕೊಂದು ಉಜ್ಜಿಕೊಂಡು ನಡುಕವನ್ನು ಅಡಗಿಸಿದವು. ಇದೇ ಬ್ರಿಗ್ಸ್ ೧೯೫೪ರಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ಸಂಗೀತಗಾರರ ಜೀವಂತ ವಾದನವನ್ನೂ ಅದರ ಧ್ವನಿಮುದ್ರಣವನ್ನೂ ಜನರಿಗೆ ಕೇಳಿಸಿ, ಎರಡನ್ನೂ ಹೋಲಿಸಿ ನೋಡುವಂತೆ ಮಾಡಿದರು. ಧ್ವನಿವರ್ಧಕಕ್ಕೆ ಇದಕ್ಕಿಂತ ಕಠಿಣವೂ ನ್ಯಾಯವೂ ಆದ ಪರೀಕ್ಷೆ ಮತ್ತೊಂದಿಲ್ಲ.

ಜೀವಂತ ನಾದದ ಬೆಲೆಯನ್ನು ಅರಿಯಲು ನಾವು ಲಂಡನ್ನಿನವರೆಗೆ ಹೋಗಬೇಕಾಗಿಲ್ಲ. ತಲಕಾಡಿಗಿಂತ ಮೇಲೆ, ಕಾವೇರಿ ಮತ್ತು ಕಪಿಲಾ ನದಿಗಳು ಕೂಡುವ ತಿರುಮಕೂಡಲು ಪಿಟೀಲು ವಿದ್ವಾನ್ ಚೌಡಯ್ಯನವರ ಊರು. ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದ ಅವರು ಕಛೇರಿ ಮಾಡತೊಡಗಿದ ಕಾಲದಲ್ಲಿ ಸಭೆಗಳಲ್ಲಿ ಧ್ವನಿವರ್ಧಕಗಳಿರಲಿಲ್ಲ. ನಾಲ್ಕು ತಂತಿಯ ಪಿಟೀಲಿನ ನಾದ ಹಿಂದಿನ ಸಾಲಿನ ಶ್ರೋತೃಗಳನ್ನು ಮುಟ್ಟುತ್ತಿರಲಿಲ್ಲ. ಈ ಕೊರತೆಯನ್ನು ನೀಗಲು ಚೌಡಯ್ಯನವರು ಮೂರು ತಂತಿಗಳನ್ನು ಹೆಚ್ಚಾಗಿ ಸೇರಿಸಿ ಏಳು ತಂತಿಯ ಪಿಟೀಲನ್ನು ರೂಪಿಸಿದರು. ಅದರ ನಾದ ತುಂಬಿಕೊಂಡು ಸಭೆಯ ಕೊನೆಯವರೆಗೂ ಹರಿಯಿತು. ೧೯೫೭ರಲ್ಲಿ ಸಂಗೀತ ಕಲಾನಿಧಿ ಪ್ರಶಸ್ತಿಯನ್ನು ಪಡೆದ ಆ ಮಹಾನುಭಾವರು ೧೯೬೭ರಲ್ಲಿ ತೀರಿಕೊಂಡರು. ಅವರ ನೆನಪಿಗಾಗಿ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಭವನವೇ ಎದ್ದಿದೆ. ಆದರೆ ಅವರ ನಾದ ಇಂದು ಉಳಿದಿರುವುದು ಧ್ವನಿಮುದ್ರಣಗಳಲ್ಲಿ ಮಾತ್ರ. ಆ ತುಂಬುನಾದವನ್ನು ತೆಳುವಾಗಿಸಿ ನುಡಿಸುವ ಧ್ವನಿವರ್ಧಕವು ಚೌಡಯ್ಯನವರು ಬಾಳೆಲ್ಲ ದುಡಿದು ಗಳಿಸಿದುದನ್ನು ನಮ್ಮ ಪಾಲಿಗೆ ಇಲ್ಲವಾಗಿಸುತ್ತದೆ. ಆಯ್ಕೆಯಲ್ಲಿ ಎಚ್ಚರ ಬೇಕೆನ್ನುವುದು ಈ ಕಾರಣಕ್ಕಾಗಿಯೇ.

ಮನೆಯಲ್ಲಿ ಕುಳಿತು ಸಂಗೀತವನ್ನು ಶ್ರದ್ಧೆಯಿಂದ ಕೇಳುವ ಪರಿಪಾಠಕ್ಕೆ ಮೈಸೂರಿನಲ್ಲಿ ದೊಡ್ಡದೊಂದು ನಿದರ್ಶನವಿದೆ. ಮೈಸೂರಿನ ಕೊನೆಯ ಮಹಾರಾಜರಾದ ಜಯಚಾಮರಾಜ ಒಡೆಯರು ತೊಂಬತ್ತನಾಲ್ಕು ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು. ಪಾಶ್ಚಾತ್ಯ ಸಂಗೀತದಲ್ಲಿಯೂ ಆಳವಾದ ಅಭಿರುಚಿಯುಳ್ಳವರು. ಲಂಡನ್ನಿನಲ್ಲಿ ನೆಲಸಿದ್ದ ರಷ್ಯದ ಸಂಗೀತಗಾರ ಮೆಟ್ನರ್ ಅವರ ರಚನೆಗಳು ಧ್ವನಿಮುದ್ರಣಗೊಳ್ಳುವಂತೆ ಧನಸಹಾಯ ನೀಡಿ, ಅವು ಮರೆಯಾಗದಂತೆ ಕಾಪಾಡಿದವರು ಅವರೇ. ಧ್ವನಿಮುದ್ರಣ ಕಲೆಯಲ್ಲಿ ಪ್ರಖ್ಯಾತರಾದ ಇಂಗ್ಲೆಂಡಿನ ವಾಲ್ಟರ್ ಲೆಗ್ ಮೈಸೂರಿಗೆ ಬಂದು, ಅರಮನೆಯೊಂದರಲ್ಲಿ ಇದ್ದ ಗ್ರಾಮಫೋನು ತಟ್ಟೆಗಳ ಅಪಾರ ಭಂಡಾರವನ್ನೂ ಬಗೆಬಗೆಯ ಧ್ವನಿವರ್ಧಕಗಳನ್ನೂ ಪಿಯಾನೋಗಳನ್ನೂ ಕಂಡು ಬೆರಗಾದುದನ್ನು ಬರೆದಿಟ್ಟಿದ್ದಾರೆ. ಅರಮನೆಯ ಸಂಪತ್ತು ಎಲ್ಲರಿಗೂ ದೊರೆಯುವುದಲ್ಲ. ಆದರೆ ಧ್ವನಿವರ್ಧಕಗಳ ಪಕ್ಕದಲ್ಲಿಯೇ ನಿಜವಾದ ವಾದ್ಯಗಳೂ ಇದ್ದವೆಂಬುದನ್ನು ಗಮನಿಸಬೇಕು. ವಾದ್ಯದ ನಿಜನಾದವನ್ನು ಬಲ್ಲ ಕಿವಿಯೇ ಯಂತ್ರದ ನಾದವನ್ನು ಅಳೆಯಬಲ್ಲದು.

ಇನ್ನು ಕೋಣೆಯ ವಿಷಯಕ್ಕೆ ಬರೋಣ. ಕೋಣೆಯ ಗುಣವನ್ನು ಲೆಕ್ಕಕ್ಕೆ ಸಿಲುಕಿಸಿದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ತರುಣ ಅಧ್ಯಾಪಕ ವ್ಯಾಲೇಸ್ ಸೇಬಿನ್. ಅಲ್ಲಿ ಹೊಸದಾಗಿ ಕಟ್ಟಿದ ಉಪನ್ಯಾಸ ಮಂದಿರವೊಂದರಲ್ಲಿ ಮಾತೇ ಅರ್ಥವಾಗುತ್ತಿರಲಿಲ್ಲ. ಒಂದು ಶಬ್ದ ಐದು ಸೆಕೆಂಡಿಗೂ ಹೆಚ್ಚು ಕಾಲ ಉಳಿದು ಮುಂದಿನ ಶಬ್ದಗಳನ್ನು ನುಂಗುತ್ತಿತ್ತು. ೧೮೯೫ರಲ್ಲಿ ಇದನ್ನು ಸರಿಪಡಿಸುವ ಕೆಲಸ ಸೇಬಿನ್ನರ ಪಾಲಿಗೆ ಬಂದಿತು. ಊರು ಮಲಗಿದ ಮೇಲೆ ಅವರು ಹತ್ತಿರದ ರಂಗಮಂದಿರದಿಂದ ಆಸನದ ಮೆತ್ತೆಗಳನ್ನು ಹೊರಿಸಿ ತಂದು ಸಾಲಾಗಿ ಇಡುವರು. ಆರ್ಗನ್ ಕೊಳವೆಯೊಂದನ್ನು ನುಡಿಸಿ ನಿಲ್ಲಿಸುವರು. ಶಬ್ದ ಎಷ್ಟು ಹೊತ್ತು ಉಳಿಯುವುದೆಂದು ಗಡಿಯಾರ ಹಿಡಿದು ಅಳೆಯುವರು. ಬೆಳಗಾಗುವ ಮೊದಲು ಮೆತ್ತೆಗಳನ್ನು ಹಿಂದಿರುಗಿಸುವರು. ಈ ತಪಸ್ಸಿನ ಫಲವಾಗಿ ಒಂದು ನಿಯಮ ದೊರೆಯಿತು. ಕೋಣೆಯ ಘನಮೀಟರುಗಳನ್ನು ೦.೧೬೧ರಿಂದ ಗುಣಿಸಿ, ಶಬ್ದವನ್ನು ಹೀರುವ ಅದರ ಒಟ್ಟು ಶಕ್ತಿಯಿಂದ ಭಾಗಿಸಿದರೆ ಶಬ್ದ ಉಳಿಯುವ ಕಾಲ ಸೆಕೆಂಡುಗಳಲ್ಲಿ ಸಿಕ್ಕುತ್ತದೆ. ಹೀರುವ ಶಕ್ತಿಯನ್ನು ಚದರ ಮೀಟರುಗಳಲ್ಲಿ ಎಣಿಸುತ್ತಾರೆ. ಬಂದ ಶಬ್ದವೆಲ್ಲ ಹೊರಗೆ ಹೋಗಿಬಿಡುವ ಒಂದು ಚದರ ಮೀಟರಿನ ತೆರೆದ ಕಿಟಕಿಯೇ ಇಲ್ಲಿ ಒಂದು ಅಳತೆ.

ತಲಕಾಡಿನ ಒಂದು ಮನೆಯಲ್ಲಿ ೫ ಮೀಟರ್ ಉದ್ದ, ೪ ಮೀಟರ್ ಅಗಲ, ೩ ಮೀಟರ್ ಎತ್ತರದ ಕೋಣೆಯಿದೆಯೆಂದು ಭಾವಿಸೋಣ. ಅದರ ಗಾತ್ರ ೬೦ ಘನಮೀಟರ್. ಗಾರೆಯ ನೆಲ, ಸುಣ್ಣದ ಗೋಡೆ, ಕಾಂಕ್ರೀಟಿನ ತಾರಸಿ ಬಿಟ್ಟು ಬೇರೇನೂ ಇಲ್ಲದಿದ್ದರೆ ಹೀರುವ ಶಕ್ತಿ ಸುಮಾರು ೪ ಚದರ ಮೀಟರ್ ಇರಬಹುದು. ಆಗ ಶಬ್ದ ೨.೪ ಸೆಕೆಂಡು ಉಳಿಯುತ್ತದೆ. ಅಂತಹ ಕೋಣೆಯಲ್ಲಿ ಲಕ್ಷಗಟ್ಟಲೆ ರೂಪಾಯಿಯ ಧ್ವನಿವರ್ಧಕವೂ ಬಾವಿಯೊಳಗಿಂದ ಹಾಡಿದಂತೆ ಕೇಳಿಸುತ್ತದೆ. ಜಮಖಾನ, ದಪ್ಪನೆಯ ಪರದೆ, ಮೆತ್ತೆಯ ಆಸನ, ಪುಸ್ತಕದ ಕಪಾಟು ಮುಂತಾದುವನ್ನು ಇಟ್ಟು ಆ ಶಕ್ತಿಯನ್ನು ೨೦ಕ್ಕೆ ಏರಿಸಿದರೆ ಕಾಲ ಅರ್ಧ ಸೆಕೆಂಡಿನ ಸಮೀಪಕ್ಕೆ ಇಳಿದು ಪ್ರತಿಯೊಂದು ಸ್ವರವೂ ಬಿಡಿಬಿಡಿಯಾಗಿ ತಿಳಿಯುತ್ತದೆ. ಹಾಗೆಂದು ಕೋಣೆಯನ್ನು ಬಟ್ಟೆಯಿಂದ ಮುಚ್ಚಿಬಿಡುವುದೂ ತಪ್ಪು. ಸಂಗೀತ ಮರಳ ದಿಬ್ಬದ ಮೇಲಿನ ಚಪ್ಪಾಳೆಯಂತೆ ನಿರ್ಜೀವವಾಗುತ್ತದೆ.

ತಗ್ಗಿನ ಸ್ವರಗಳ ಸ್ವಭಾವ ಇನ್ನೂ ವಿಚಿತ್ರ. ಶಬ್ದವು ಸೆಕೆಂಡಿಗೆ ಸುಮಾರು ೩೪೩ ಮೀಟರ್ ಸಾಗುತ್ತದೆ. ಹೀಗಾಗಿ ೩೪ ಹರ್ಟ್ಸ್‌ನ ಅಲೆಯ ಉದ್ದ ಸುಮಾರು ೧೦ ಮೀಟರ್. ನಮ್ಮ ಕೋಣೆಯ ಉದ್ದ ಅದರ ಸರಿಯಾಗಿ ಅರ್ಧ. ಆ ಸ್ವರ ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡು, ಗೋಡೆಯ ಬಳಿ ಅತಿಯಾಗಿಯೂ ಕೋಣೆಯ ನಡುವೆ ತೀರ ಕ್ಷೀಣವಾಗಿಯೂ ಕೇಳುತ್ತದೆ. ಅಗಲದಿಂದ ೪೩ ಹರ್ಟ್ಸ್, ಎತ್ತರದಿಂದ ೫೭ ಹರ್ಟ್ಸ್ ಸ್ವರಗಳಿಗೂ ಅವುಗಳ ಇಮ್ಮಡಿಗಳಿಗೂ ಇದೇ ಗತಿ. ಉದ್ದ, ಅಗಲ, ಎತ್ತರಗಳು ಮೂರೂ ಸಮನಾಗಿದ್ದರೆ ಒಂದೇ ಸ್ವರ ಮೂರು ಪಾಲು ಉಬ್ಬುತ್ತದೆ. ಆದ್ದರಿಂದ ಚಿಕ್ಕ ಕೋಣೆಗೆ ಅತಿ ದೊಡ್ಡ ಧ್ವನಿವರ್ಧಕ ಹೊಂದುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಹಣಕ್ಕೆ ಮಾತ್ರವಲ್ಲದೆ ಇಲ್ಲಿ ಕೋಣೆಗೂ ಸಲ್ಲುತ್ತದೆ.

ಕೋಣೆಯನ್ನು ಅರಿತ ಮೇಲೆ ಅಂಗಡಿಗೆ ಹೋಗಬಹುದು. ಅಲ್ಲಿ ಕೈಗೆ ಬರುವ ವಿವರಪತ್ರಿಕೆಯ ಅಂಕಿಗಳನ್ನು ಓದಲು ಕಲಿತಿರಬೇಕು. ೪೦ರಿಂದ ೨೦,೦೦೦ ಹರ್ಟ್ಸ್ ಎಂಬ ಅಂಕಿ ಒಂದೇ ಸಾಲದು. ಆ ವ್ಯಾಪ್ತಿಯಲ್ಲಿ ಶಬ್ದದ ಮಟ್ಟ ಎಷ್ಟು ಡೆಸಿಬೆಲ್ ಏರಿಳಿಯುವುದೆಂದು ಹೇಳದಿದ್ದರೆ ಅದಕ್ಕೆ ಅರ್ಥವಿಲ್ಲ. ಒಂದು ವಾಟ್ ಶಕ್ತಿ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಒಂದು ಧ್ವನಿವರ್ಧಕ ೯೦ ಡೆಸಿಬೆಲ್, ಇನ್ನೊಂದು ೮೪ ಡೆಸಿಬೆಲ್ ನುಡಿದರೆ, ಎರಡನೆಯದನ್ನು ಮೊದಲಿನದರ ಮಟ್ಟಕ್ಕೆ ತರಲು ನಾಲ್ಕು ಪಟ್ಟು ಶಕ್ತಿ ಬೇಕು. ಇದು ಗುಣದ ಅಳತೆಯಲ್ಲ. ಅದರೊಡನೆ ಕೊಳ್ಳಬೇಕಾದ ಆಂಪ್ಲಿಫಯರಿನ ಅಳತೆ.

ಅಂಕಿಗಳ ಮುಂದಿನ ತೀರ್ಪು ಕಿವಿಯದು. ಅದಕ್ಕೂ ಕೆಲವು ನಿಯಮಗಳಿವೆ. ತನಗೆ ಚೆನ್ನಾಗಿ ಪರಿಚಯವಿರುವ ಧ್ವನಿಮುದ್ರಣವನ್ನೇ ಒಯ್ಯಬೇಕು. ಮನುಷ್ಯನ ಕಂಠವನ್ನು ಮೊದಲು ಕೇಳಬೇಕು. ಹುಟ್ಟಿದಂದಿನಿಂದ ನಾವು ಕೇಳುತ್ತಿರುವ ಕಂಠದಲ್ಲಿ ಒಂದಿಷ್ಟು ಕೃತಕತೆ ಬಂದರೂ ಕಿವಿ ಒಡನೆಯೇ ಹಿಡಿಯುತ್ತದೆ. ಬಳಿಕ ತಂಬೂರಿಯ ಝೇಂಕಾರ, ಮೃದಂಗದ ಎಡಬಲಗಳ ಭೇದ, ಪಿಟೀಲಿನ ಗಮಕ ಇವುಗಳನ್ನು ಪರೀಕ್ಷಿಸಬೇಕು. ಎರಡನ್ನು ಹೋಲಿಸುವಾಗ ಎರಡರ ಶಬ್ದಮಟ್ಟವೂ ಸಮನಾಗಿರಬೇಕು. ತುಸು ಗಟ್ಟಿಯಾಗಿ ನುಡಿದುದೇ ಉತ್ತಮವೆಂದು ತೋರುವುದು ಕಿವಿಯ ದೌರ್ಬಲ್ಯ; ಅದನ್ನು ಬಲ್ಲ ಮಾರಾಟಗಾರರೂ ಇದ್ದಾರೆ. ಐದು ನಿಮಿಷದಲ್ಲಿ ಬೆರಗುಗೊಳಿಸುವ ಮಿಂಚಿನ ನಾದ ಒಂದು ಗಂಟೆಯಲ್ಲಿ ದಣಿವು ತರಬಹುದು. ಸಾಧ್ಯವಿದ್ದರೆ ಕೊಳ್ಳುವ ಮುನ್ನ ಮನೆಗೆ ತಂದು, ಅದು ಮುಂದೆ ಇರಬೇಕಾದ ಕೋಣೆಯಲ್ಲಿಯೇ ಕೇಳುವುದು ಎಲ್ಲಕ್ಕಿಂತ ಮೇಲು.

ಮನೆಗೆ ಬಂದ ಜೋಡಿಯನ್ನು ಗೋಡೆಯ ಮೂಲೆಗೆ ಒತ್ತಿ ಇಡಬಾರದು. ಮೂಲೆಯು ತಗ್ಗಿನ ಸ್ವರಗಳನ್ನು ಅತಿಯಾಗಿ ಉಬ್ಬಿಸುತ್ತದೆ. ಎರಡು ಧ್ವನಿವರ್ಧಕಗಳೂ ಕೇಳುವವನೂ ಸಮಬಾಹು ತ್ರಿಭುಜದ ಮೂರು ಮೂಲೆಗಳಲ್ಲಿದ್ದರೆ ಗಾಯಕನು ನಡುವೆ ಕುಳಿತು ಹಾಡಿದಂತೆ ಭಾಸವಾಗುತ್ತದೆ. ಟ್ವೀಟರು ಕಿವಿಯ ಎತ್ತರದಲ್ಲಿರುವುದು ಒಳ್ಳೆಯದು. ಅಂಗೈ ಅಗಲದಷ್ಟು ಸರಿಸಿದರೂ ನಾದ ಬದಲಾಗುವುದರಿಂದ ಇಲ್ಲಿ ತಾಳ್ಮೆ ಬೇಕು, ಹಣ ಬೇಕಿಲ್ಲ. ನೆರೆಯವರ ನೆಮ್ಮದಿಯನ್ನೂ ಮರೆಯಬಾರದು. ೨೦೦೦ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು ೫೫, ರಾತ್ರಿ ೪೫ ಡೆಸಿಬೆಲ್ ಮಿತಿಯನ್ನು ವಿಧಿಸಿವೆ. ಒಳ್ಳೆಯ ಧ್ವನಿವರ್ಧಕದ ಹಿರಿಮೆ ಅಬ್ಬರದಲ್ಲಿಲ್ಲ. ಮೆಲುದನಿಯಲ್ಲಿಯೂ ಸಾಹಿತ್ಯದ ಒಂದಕ್ಷರ ಮಾಸದಂತೆ ನುಡಿಯುವುದರಲ್ಲಿದೆ.

ಬೆಲೆ ಹೆಚ್ಚಾದಂತೆ ಗುಣವೂ ಹೆಚ್ಚುವುದು ಒಂದು ಹಂತದವರೆಗೆ ನಿಜ. ಆ ಹಂತವನ್ನು ದಾಟಿದ ಮೇಲೆ ಹಣದಿಂದ ಕೊಳ್ಳಲಾಗದುದು ಎರಡಿವೆ: ಅಣಿಗೊಳಿಸಿದ ಕೋಣೆ ಮತ್ತು ಪಳಗಿದ ಕಿವಿ. ಊರಿನ ರಾಮನವಮಿಯ ಕಛೇರಿಯಲ್ಲಿ, ದೇವಾಲಯದ ನಾಗಸ್ವರದಲ್ಲಿ, ಶಾಲೆಯ ಪ್ರಾರ್ಥನೆಯಲ್ಲಿ ನಿಜವಾದ ನಾದವನ್ನು ಗಮನವಿಟ್ಟು ಕೇಳುತ್ತ ಬಂದವನಿಗೆ ಆ ಕಿವಿ ತಾನಾಗಿ ಒಲಿಯುತ್ತದೆ. ಅಂಥವನು ಆರಿಸಿ ತಂದ ಧ್ವನಿವರ್ಧಕದ ಮುಂದೆ ಕುಳಿತಾಗ ಯಂತ್ರದ ನೆನಪೇ ಆಗುವುದಿಲ್ಲ. ಅಗಲಿಹೋದ ವಿದ್ವಾಂಸರು ಬಳಿಯಲ್ಲಿಯೇ ಕುಳಿತು ನುಡಿಸುತ್ತಿರುವಂತೆ ತೋರುತ್ತದೆ.