ಸಾಧನೆಯ ತೂಕ

ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿನಲ್ಲಿ, ಗೋವೆಯ ಗಡಿಗೆ ಹೊಂದಿಕೊಂಡಂತೆ ಕ್ಯಾಸಲ್‌ರಾಕ್ ಎಂಬ ಚಿಕ್ಕ ಊರಿದೆ. ಈ ಊರಿನ ನಿಲ್ದಾಣದಿಂದ ಹೊರಟ ರೈಲುಹಳಿಗಳು ದಟ್ಟವಾದ ಅಡವಿಯ ನಡುವೆ ಘಟ್ಟವನ್ನಿಳಿದು, ದೂಧಸಾಗರ ಜಲಪಾತದ ಎದುರಿನಲ್ಲಿ ಹಾದು, ಗೋವೆಯ ಕುಳೆಂ ನಿಲ್ದಾಣವನ್ನು ಸೇರುತ್ತವೆ. ಇಲ್ಲಿ ಸುಮಾರು 37 ಅಡಿ ದೂರಕ್ಕೆ ಒಂದು ಅಡಿಯಷ್ಟು ಏರಿಕೆಯಿದೆ. ಆದುದರಿಂದ ಕೆಳಗಿನಿಂದ ಬರುವ ಗಾಡಿಗಳಿಗೆ ಹೆಚ್ಚುವರಿ ಎಂಜಿನುಗಳನ್ನು ಜೋಡಿಸುವುದು ವಾಡಿಕೆ. ಬಯಲಿನಲ್ಲಿ ಓಡುವ ಎಂಜಿನಿಗಿಂತ ಇವು ಅಷ್ಟೇ ದೂರಕ್ಕೆ ಹೆಚ್ಚು ಶಕ್ತಿಯನ್ನು ವ್ಯಯಿಸುತ್ತವೆ, ನಿಧಾನವಾಗಿಯೂ ಸಾಗುತ್ತವೆ. ಕೇವಲ ವೆಚ್ಚದ ಪುಸ್ತಕವನ್ನು ನೋಡಿದವನು ಇವು ಕೆಟ್ಟ ಎಂಜಿನುಗಳೆಂದು ತೀರ್ಪು ಕೊಡಬಹುದು. ಎಳೆದ ಭಾರವನ್ನೂ ಏರಿದ ಎತ್ತರವನ್ನೂ ಬಲ್ಲವನು ಹಾಗೆ ಹೇಳಲಾರನು.

ಮನುಷ್ಯರ ಸಾಧನೆಯನ್ನು ಅಳೆಯುವಾಗಲೂ ಇದೇ ಬಗೆಯ ತೊಡಕು ಎದುರಾಗುತ್ತದೆ. ಕನ್ನಡ ನಾಡಿನ ಹೆಸರಾಂತ ಕ್ರಿಕೆಟ್ ಆಟಗಾರ ಅನಿಲ್ ಕುಂಬ್ಳೆ ಅವರ ಕ್ರೀಡಾಜೀವನ ಇದಕ್ಕೆ ತಕ್ಕ ನಿದರ್ಶನ. 1970ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಕುಂಬ್ಳೆ 1990ರಲ್ಲಿ ಇಂಗ್ಲೆಂಡಿನ ವಿರುದ್ಧ ತಮ್ಮ ಮೊದಲ ಟೆಸ್ಟ್ ಪಂದ್ಯವನ್ನಾಡಿದರು. 2008ರಲ್ಲಿ ದೆಹಲಿಯಲ್ಲಿ ಕೊನೆಯ ಪಂದ್ಯವನ್ನಾಡಿ ನಿವೃತ್ತರಾದರು. ಈ ಹದಿನೆಂಟು ವರ್ಷಗಳಲ್ಲಿ ಅವರು 132 ಟೆಸ್ಟ್ ಪಂದ್ಯಗಳಲ್ಲಿ 619 ವಿಕೆಟ್‌ಗಳನ್ನು ಪಡೆದರು. ಭಾರತದ ಬೇರೆ ಯಾವ ಬೌಲರನೂ ಟೆಸ್ಟ್ ಪಂದ್ಯಗಳಲ್ಲಿ ಇಷ್ಟು ವಿಕೆಟ್‌ಗಳನ್ನು ಪಡೆದಿಲ್ಲ.

ಆದರೆ ಈ ನಾಣ್ಯಕ್ಕೆ ಇನ್ನೊಂದು ಮುಖವಿದೆ. ಆ 619 ವಿಕೆಟ್‌ಗಳಿಗಾಗಿ ಅವರು ಎದುರಾಳಿಗಳಿಗೆ 18,355 ಓಟಗಳನ್ನು ಬಿಟ್ಟುಕೊಟ್ಟರು. ಅವರು ನಿವೃತ್ತರಾದಾಗ ಟೆಸ್ಟ್ ಕ್ರಿಕೆಟ್ಟಿನ ಇತಿಹಾಸದಲ್ಲಿಯೇ ಅಷ್ಟು ಓಟಗಳನ್ನು ಕೊಟ್ಟ ಬೌಲರ್ ಮತ್ತೊಬ್ಬನಿರಲಿಲ್ಲ. ಮುಂದೆ ಇಂಗ್ಲೆಂಡಿನ ಜೇಮ್ಸ್ ಆಂಡರ್ಸನ್ ಈ ಸಂಖ್ಯೆಯನ್ನು ಮೀರಿದರು. ಇಷ್ಟೊಂದು ಓಟಗಳನ್ನು ಕೊಟ್ಟವರನ್ನು ಮಹಾನ್ ಬೌಲರ್ ಎನ್ನಬಹುದೇ?

ಈ ಪ್ರಶ್ನೆಗೆ ಉತ್ತರ ಹೇಳುವ ಮುನ್ನ ಒಂದು ಸಂಗತಿಯನ್ನು ಗಮನಿಸಬೇಕು. ಸಾಮಾನ್ಯ ಬೌಲರನೊಬ್ಬನು ಎಂದಿಗೂ ಹದಿನೆಂಟು ಸಾವಿರ ಓಟಗಳನ್ನು ಕೊಡಲಾರನು. ಅದಕ್ಕೆ ಬಹಳ ಮೊದಲೇ ಅವನನ್ನು ತಂಡದಿಂದ ಕೈಬಿಟ್ಟಿರುತ್ತಾರೆ. ಕುಂಬ್ಳೆ ಟೆಸ್ಟ್ ಪಂದ್ಯಗಳಲ್ಲಿ ಎಸೆದ ಚೆಂಡುಗಳು 40,850. ನಾಯಕರು ಮತ್ತೆ ಮತ್ತೆ ಅವರ ಕೈಗೆ ಚೆಂಡನ್ನಿತ್ತುದರಿಂದಲೇ ಅವರ ಹೆಸರಿನ ಮುಂದೆ ವಿಕೆಟ್‌ಗಳೂ ಬೆಳೆದವು, ಓಟಗಳೂ ಬೆಳೆದವು.

ಅಮೆರಿಕದ ಫುಟ್‌ಬಾಲ್ ಆಟದಲ್ಲಿಯೂ ಇಂತಹುದೇ ಉದಾಹರಣೆಯೊಂದಿದೆ. ಆ ಆಟದಲ್ಲಿ ಚೆಂಡನ್ನು ಸಂಗಾತಿಗಳಿಗೆ ಎಸೆದು ತಂಡವನ್ನು ಮುನ್ನಡೆಸುವವನಿಗೆ ಕ್ವಾರ್ಟರ್‌ಬ್ಯಾಕ್ ಎಂದು ಹೆಸರು. ಬ್ರೆಟ್ ಫಾರ್ವ್ ಎಂಬ ಕ್ವಾರ್ಟರ್‌ಬ್ಯಾಕ್ 2010ರ ಋತುವಿನ ಬಳಿಕ ಆಟವನ್ನು ಬಿಟ್ಟಾಗ, ಅಂಕಗಳಾಗಿ ಫಲಿಸಿದ ಅವರ ಎಸೆತಗಳು 508. ಎದುರಾಳಿಗಳ ಕೈಸೇರಿದ ಎಸೆತಗಳು 336. ಅಂದಿಗೆ ಇವೆರಡೂ ಆ ಲೀಗಿನ ದಾಖಲೆಗಳೇ ಆಗಿದ್ದವು. ಹೆಚ್ಚು ಎಸೆದವರಿಗೆ ಹೆಚ್ಚು ಫಲವೂ ಹೆಚ್ಚು ನಷ್ಟವೂ ಒದಗುವುದು ಸಹಜ.

ಹಾಗೆಂದ ಮಾತ್ರಕ್ಕೆ ದೀರ್ಘಕಾಲ ಆಡಿದವರೆಲ್ಲರೂ ಮಹಾನುಭಾವರೆಂದು ಭಾವಿಸಬಾರದು. ನಷ್ಟವನ್ನು ಮರೆಮಾಚುವ ಹೊಗಳಿಕೆ ನ್ಯಾಯವಾದುದಲ್ಲ. ಆದುದರಿಂದ ಒಟ್ಟು ಮೊತ್ತವನ್ನು ಬಿಟ್ಟು ಸರಾಸರಿಯನ್ನು ಪರಿಶೀಲಿಸಬೇಕು. ಕುಂಬ್ಳೆ ಒಂದು ವಿಕೆಟ್ಟಿಗೆ ಸರಾಸರಿ 29.65 ಓಟಗಳನ್ನು ಕೊಟ್ಟರು. ಅವರ ಸಮಕಾಲೀನರಾದ ಶ್ರೀಲಂಕಾದ ಮುತ್ತಯ್ಯ ಮುರಳೀಧರನ್ ಅವರ ಸರಾಸರಿ 22.72, ಆಸ್ಟ್ರೇಲಿಯಾದ ಶೇನ್ ವಾರ್ನ್ ಅವರದು 25.41. ಸ್ವದೇಶದಲ್ಲಿ 350 ವಿಕೆಟ್‌ಗಳನ್ನು ಪಡೆದ ಕುಂಬ್ಳೆ ವಿದೇಶಗಳಲ್ಲಿ ಹೆಚ್ಚು ಪಂದ್ಯಗಳನ್ನಾಡಿಯೂ ಪಡೆದುದು 269 ಮಾತ್ರ. ಚೆಂಡು ಹೆಚ್ಚಾಗಿ ತಿರುಗದ ನೆಲಗಳಲ್ಲಿ ಅವರು ಕಷ್ಟಪಟ್ಟರೆಂಬುದು ನಿಜ. ಆ ಇಬ್ಬರಿಗಿಂತ ಅವರ ಅಂಕಿಗಳು ಹಿಂದಿವೆ ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ಸರಾಸರಿ ಹೇಳದೆ ಬಿಡುವ ಸಂಗತಿಗಳೂ ಕೆಲವಿವೆ. 2003ರ ಡಿಸೆಂಬರ್‌ನಲ್ಲಿ ಅಡಿಲೇಡ್‌ನಲ್ಲಿ ಆಸ್ಟ್ರೇಲಿಯಾ ಮೊದಲ ಸರದಿಯಲ್ಲಿ 556 ಓಟಗಳನ್ನು ಗಳಿಸಿತು. ಕುಂಬ್ಳೆ 154 ಓಟಗಳನ್ನು ಕೊಟ್ಟು ಐದು ವಿಕೆಟ್ ಪಡೆದರು. ಕೊಟ್ಟ ಓಟಗಳನ್ನಷ್ಟೇ ನೋಡಿದರೆ ಇದು ಸೋಲಿನಂತೆ ಕಾಣುತ್ತದೆ. ಆದರೆ ಆ ಪಂದ್ಯವನ್ನು ಗೆದ್ದುದು ಭಾರತವೇ. 2002ರಲ್ಲಿ ಆಂಟಿಗುವಾದಲ್ಲಿ ಚೆಂಡು ಬಡಿದು ಅವರ ದವಡೆ ಮುರಿದಿತ್ತು. ಮುಖಕ್ಕೆ ಪಟ್ಟಿ ಕಟ್ಟಿಕೊಂಡು ಅವರು ಮೈದಾನಕ್ಕಿಳಿದು 14 ಓವರುಗಳನ್ನು ಎಸೆದರು. ಬ್ರಯಾನ್ ಲಾರಾ ಅವರ ವಿಕೆಟ್ಟನ್ನೂ ಪಡೆದರು. ವಿಕೆಟ್ಟಿನ ಲೆಕ್ಕದಲ್ಲಿ ಇದು ಬರಿಯ ಒಂದು.

ಕುಂಬ್ಳೆ ಅವರಿಗೆ ಮೊದಲೇ ಕರ್ನಾಟಕ ಇಂತಹ ಮತ್ತೊಬ್ಬರನ್ನು ಕಂಡಿತ್ತು. ಮೈಸೂರಿನಲ್ಲಿ ಹುಟ್ಟಿದ ಬಿ. ಎಸ್. ಚಂದ್ರಶೇಖರ್ ಅವರ ಬಲಗೈ ಬಾಲ್ಯದಲ್ಲಿ ಪೋಲಿಯೋ ರೋಗದಿಂದ ಸೊರಗಿತ್ತು. ಅದೇ ಕೈಯಿಂದ ಅವರು ವೇಗವಾಗಿ ತಿರುಗುವ ಚೆಂಡುಗಳನ್ನು ಎಸೆದರು. ಸುಲಭವಾಗಿ ಹೊಡೆಯಬಹುದಾದ ಚೆಂಡುಗಳೂ ನಡುನಡುವೆ ಬೀಳುತ್ತಿದ್ದವು. 58 ಟೆಸ್ಟ್ ಪಂದ್ಯಗಳಲ್ಲಿ ಅವರು ಪಡೆದುದು 242 ವಿಕೆಟ್, ಸರಾಸರಿ 29.74, ಎಂದರೆ ಹೆಚ್ಚುಕಡಿಮೆ ಕುಂಬ್ಳೆ ಅವರಷ್ಟೇ. ಆದರೆ 1971ರಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ಅವರು 38 ಓಟಗಳಿಗೆ ಆರು ವಿಕೆಟ್ ಉರುಳಿಸಿದುದರಿಂದ ಭಾರತ ಇಂಗ್ಲೆಂಡಿನ ನೆಲದಲ್ಲಿ ಮೊತ್ತಮೊದಲ ಟೆಸ್ಟ್ ಜಯವನ್ನು ಸಾಧಿಸಿತು. ಎಚ್ಚರಿಕೆಯಿಂದ ಆಡಿ ಓಟಗಳನ್ನು ಉಳಿಸುವವರು ಹಲವರಿರುತ್ತಾರೆ. ಪಂದ್ಯವನ್ನು ಗೆದ್ದುಕೊಡುವವರು ಕೆಲವರೇ.

ತೀರ್ಪನ್ನು ಯಾವಾಗ ಕೊಡಬೇಕೆಂಬುದೂ ಮುಖ್ಯವಾದ ವಿಚಾರ. 1999ರ ಫೆಬ್ರವರಿ 7ರಂದು ದೆಹಲಿಯ ಫಿರೋಜ್ ಷಾ ಕೋಟ್ಲಾ ಮೈದಾನದಲ್ಲಿ ಪಾಕಿಸ್ತಾನಕ್ಕೆ ಗೆಲ್ಲಲು 420 ಓಟಗಳು ಬೇಕಾಗಿದ್ದವು. ಮಧ್ಯಾಹ್ನದ ಊಟದ ವೇಳೆಗೆ ಅದು ಒಂದು ವಿಕೆಟ್ಟನ್ನೂ ಕಳೆದುಕೊಳ್ಳದೆ 101 ಓಟಗಳನ್ನು ಗಳಿಸಿತ್ತು. ಆ ಹೊತ್ತಿನಲ್ಲಿ ಕುಂಬ್ಳೆ ವಿಫಲರಾದರೆಂದು ಯಾರಾದರೂ ಬರೆದಿದ್ದರೆ ಅಂಕಿಅಂಶಗಳು ಆ ಮಾತನ್ನು ಸಮರ್ಥಿಸುತ್ತಿದ್ದವು. ಊಟದ ಬಳಿಕ ಅವರು ಮೈದಾನದ ಇನ್ನೊಂದು ತುದಿಯಿಂದ ಎಸೆಯಲಾರಂಭಿಸಿದರು. ಪಾಕಿಸ್ತಾನ 207 ಓಟಗಳಿಗೆ ಕುಸಿಯಿತು. ಹತ್ತಕ್ಕೆ ಹತ್ತು ವಿಕೆಟ್‌ಗಳೂ 74 ಓಟಗಳಿಗೆ ಕುಂಬ್ಳೆ ಅವರ ಪಾಲಾಗಿದ್ದವು. ಅದಕ್ಕೆ ಮುಂಚೆ ಟೆಸ್ಟ್ ಪಂದ್ಯದಲ್ಲಿ ಇದನ್ನು ಸಾಧಿಸಿದ್ದವರು 1956ರಲ್ಲಿ ಇಂಗ್ಲೆಂಡಿನ ಜಿಮ್ ಲೇಕರ್ ಒಬ್ಬರೇ.

ಆದುದರಿಂದ ಒಬ್ಬರ ಹಿರಿಮೆಯನ್ನು ಅಳೆಯುವವರು ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಅವರು ಹೊತ್ತ ಹೊರೆ ಎಷ್ಟು? ದುಡಿದ ಪರಿಸ್ಥಿತಿ ಯಾವುದು? ಕಳೆದುದಕ್ಕೆ ಪ್ರತಿಯಾಗಿ ತಮ್ಮವರಿಗೆ ದೊರಕಿಸಿಕೊಟ್ಟುದೇನು? ಈ ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆ ತಪ್ಪುಗಳನ್ನು ಮುಚ್ಚಿಡಬೇಕಾದ ಅಗತ್ಯವಿರುವುದಿಲ್ಲ. ಅವು ತಮಗೆ ಸಲ್ಲಬೇಕಾದ ಸ್ಥಾನದಲ್ಲಿಯೇ ಇರುತ್ತವೆ. ಪರೀಕ್ಷೆಯಲ್ಲಿ ಕಠಿಣವಾದ ಲೆಕ್ಕವನ್ನು ಬಿಡಿಸಲು ಹೋಗಿ ತಪ್ಪಿದ ವಿದ್ಯಾರ್ಥಿಗೂ, ಅದನ್ನು ಮುಟ್ಟದೆ ಬಿಟ್ಟವನಿಗೂ ಅಂಕಪಟ್ಟಿಯಲ್ಲಿ ಒಂದೇ ಸೊನ್ನೆ ಬೀಳಬಹುದು. ಅವರಿಬ್ಬರೂ ಒಂದೇ ಅಲ್ಲವೆಂಬುದನ್ನು ಉತ್ತರಪತ್ರಿಕೆಯನ್ನು ತೆರೆದು ನೋಡಿದವರು ಮಾತ್ರ ಬಲ್ಲರು.