ಟೈಮಿಂಗ್ ಬೆಲ್ಟ್: ಕಡಿಯುವ ಮೊದಲೇ ಬದಲಿಸಿ



ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ನಮ್ಮ ಬೆಳೆಗಾರರಲ್ಲಿ ಲಕ್ಷ ಕಿಲೋಮೀಟರ್ ದಾಟಿದ ಕಾರು ಇಟ್ಟುಕೊಂಡವರು ಅನೇಕರು. ಆಯಿಲ್ ಬದಲಿಸುವುದು, ಬ್ರೇಕ್ ನೋಡಿಸುವುದು ಎಲ್ಲರಿಗೂ ರೂಢಿಯಿದೆ. ಆದರೆ ಎಂಜಿನ್ನಿನ ಮುಚ್ಚಳದೊಳಗಿರುವ ಒಂದು ರಬ್ಬರ್ ಬೆಲ್ಟಿನ ಕಡೆಗೆ ಗಮನ ಹೋಗುವುದು ಅದು ಕಡಿದ ಮೇಲೆಯೇ. ಆದುದರಿಂದ ಆ ವಿಷಯವನ್ನು ಇಲ್ಲಿ ವಿವರಿಸುತ್ತಿದ್ದೇವೆ.

ಬೆಲ್ಟಿನ ಕೆಲಸ: ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ತಿರುಗುವಷ್ಟರಲ್ಲಿ, ವಾಲ್ವ್‌ಗಳನ್ನು ತೆರೆಯುವ ಕ್ಯಾಮ್ ಶಾಫ್ಟ್ ಒಂದು ಸುತ್ತು ತಿರುಗಬೇಕು. ಈ ಲೆಕ್ಕ ತಪ್ಪದಂತೆ ಕಾಯುವುದೇ ಹಲ್ಲುಗಳುಳ್ಳ ಟೈಮಿಂಗ್ ಬೆಲ್ಟ್. ಅದು ಕಡಿದರೆ ಕ್ಯಾಮ್ ನಿಲ್ಲುತ್ತದೆ, ಪಿಸ್ಟನ್‌ಗಳು ಮಾತ್ರ ಓಡುತ್ತಲೇ ಇರುತ್ತವೆ. ಅನೇಕ ಎಂಜಿನ್‌ಗಳಲ್ಲಿ ತೆರೆದು ಉಳಿದ ವಾಲ್ವ್‌ಗೆ ಪಿಸ್ಟನ್ ಬಡಿದು ವಾಲ್ವ್ ಬಾಗುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ ಹೆಡ್ಡಿಗೆ ತೀರ ಸಮೀಪ ಬರುವುದರಿಂದ ಹಾನಿ ಇನ್ನೂ ಹೆಚ್ಚು. ಆಗ ಹೆಡ್ ಬಿಚ್ಚಿ ಮಾಡಿಸುವ ಖರ್ಚು ಬೆಲ್ಟ್ ಬದಲಿಸುವ ಖರ್ಚಿನ ಹಲವು ಪಟ್ಟಾಗುತ್ತದೆ.

ಯಾವ ಕಾರುಗಳಿಗೆ: ಮಾರುತಿ 800, ಓಮ್ನಿ, ಆಲ್ಟೊ 800, ಹಳೆಯ ಸ್ಯಾಂಟ್ರೊ, ಡೀಸೆಲ್ ಕ್ವಾಲಿಸ್, ಡೀಸೆಲ್ ಡಸ್ಟರ್ ಹಾಗೂ 2005ರಿಂದ 2016ರವರೆಗೆ ಬಂದ ಡೀಸೆಲ್ ಇನ್ನೋವಾ, ಇವುಗಳಿಗೆ ಬೆಲ್ಟ್ ಇದೆ. ಡೀಸೆಲ್ ಸ್ವಿಫ್ಟ್, ಡೀಸೆಲ್ ಇನ್ನೋವಾ ಕ್ರಿಸ್ಟಾಗಳಿಗೆ ಚೈನ್ ಇದೆ.

ಯಾವಾಗ ಬದಲಿಸಬೇಕು: ಕಾರಿನೊಂದಿಗೆ ಬಂದ ಪುಸ್ತಕದ ಲೆಕ್ಕವೇ ಪ್ರಮಾಣ. ಹಳೆಯ ಡೀಸೆಲ್ ಇನ್ನೋವಾಕ್ಕೆ ಇದು 1,50,000 ಕಿ.ಮೀ.; ಆಗ ಮೀಟರಿನಲ್ಲಿ ‘ಟಿ-ಬೆಲ್ಟ್’ ದೀಪ ಹೊತ್ತಿಕೊಳ್ಳುತ್ತದೆ. ಆದರೆ ಬೆಲ್ಟ್ ಬದಲಿಸದೆಯೇ ಈ ದೀಪವನ್ನು ಆರಿಸಿಬಿಡಲು ಸಾಧ್ಯ. ಹಳೆಯ ಕಾರು ಕೊಳ್ಳುವವರು ದೀಪವನ್ನು ನಂಬದೆ ಬೆಲ್ಟ್ ಹಾಕಿಸಿದ ಬಿಲ್ಲನ್ನೇ ಕೇಳಬೇಕು. ಬಿಲ್ಲಿಲ್ಲವೆಂದರೆ ಬದಲಿಸಿಲ್ಲವೆಂದೇ ತಿಳಿಯುವುದು ಕ್ಷೇಮ.

ಕಿಲೋಮೀಟರ್ ಆಗಿಲ್ಲವೆಂದು ಸುಮ್ಮನಿರುವಂತೆಯೂ ಇಲ್ಲ. ತೋಟದಿಂದ ಪೇಟೆಗೆ ಓಡಾಡುವ ಕಾರು ವರ್ಷಕ್ಕೆ ಐದಾರು ಸಾವಿರ ಕಿ.ಮೀ. ಓಡಿದರೆ, ಲಕ್ಷ ತುಂಬಲು ಹದಿನೈದು ವರ್ಷಕ್ಕೂ ಮೇಲಾಗುತ್ತದೆ. ಅಷ್ಟರಲ್ಲಿ ರಬ್ಬರ್ ಬಿಸಿಗೆ ಗಡಸಾಗಿ ಬಿರುಕು ಬಿಡುತ್ತದೆ. ಆಯಿಲ್ ಸೋರಿ ತಾಗಿದರೆ ಇನ್ನೂ ಬೇಗ ಕೆಡುತ್ತದೆ. ಆದ್ದರಿಂದ ಕಿಲೋಮೀಟರ್, ವರ್ಷ ಇವೆರಡರಲ್ಲಿ ಯಾವುದು ಮೊದಲು ತುಂಬುವುದೋ ಅದನ್ನೇ ಲೆಕ್ಕಕ್ಕೆ ಹಿಡಿಯಬೇಕು.

ಜೊತೆಗೆ ಏನೇನು: ಬೆಲ್ಟ್ ತೆಗೆಯಲು ಬಿಚ್ಚುವ ಕೆಲಸವೇ ದೊಡ್ಡದು. ಒಮ್ಮೆ ಬಿಚ್ಚಿದ ಮೇಲೆ ಟೆನ್ಷನರ್, ಐಡ್ಲರ್ ಬೇರಿಂಗ್‌ಗಳನ್ನು ಹೊಸದಾಗಿ ಹಾಕಿಸಿ, ಆಯಿಲ್ ಸೀಲ್‌ಗಳು ಸೋರುತ್ತಿದ್ದರೆ ಅವನ್ನೂ ಬದಲಿಸಿರಿ. ಹಳೆಯ ಬೇರಿಂಗ್ ಹಿಡಿದುಕೊಂಡರೆ ಹೊಸ ಬೆಲ್ಟೂ ಹಾಳಾಗುತ್ತದೆ. ಡೀಸೆಲ್ ಡಸ್ಟರಿನಂಥ ಕಾರುಗಳಲ್ಲಿ ನೀರಿನ ಪಂಪೂ ಇದೇ ಬೆಲ್ಟಿನಿಂದ ತಿರುಗುವುದರಿಂದ ಅದನ್ನೂ ಆಗಲೇ ಬದಲಿಸುವುದು ಲಾಭ. ಜೋಡಿಸಿದ ಮೇಲೆ ಎಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿ ಗುರುತುಗಳು ಕೂಡುತ್ತವೆಯೇ ಎಂದು ನೋಡಿಯೇ ಸ್ಟಾರ್ಟ್ ಮಾಡುವಂತೆ ಮೆಕ್ಯಾನಿಕ್ಕಿಗೆ ಹೇಳಿರಿ. ಹಳೆಯ ಸಾಮಾನನ್ನು ಕೇಳಿ ಪಡೆದುಕೊಳ್ಳಿರಿ.

ಅನೇಕ ವೇಳೆ ಈ ಬೆಲ್ಟ್ ಶಬ್ದವಿಲ್ಲದೆ, ಮುನ್ಸೂಚನೆಯಿಲ್ಲದೆ ಕಡಿಯುತ್ತದೆ. ಕಾಯಿ ಉದುರಲು ತೊಡಗಿದ ಮೇಲೆ ಬೋರ್ಡೋ ಹೊಡೆದರೆ ಉದುರಿದ ಕಾಯಿ ಮರಳಿ ಬಾರದೆಂದು ನಾವೆಲ್ಲ ಬಲ್ಲೆವು. ಇದೂ ಹಾಗೆಯೇ. ಮಳೆಗಾಲದ ರಾತ್ರಿ ರೋಗಿಯನ್ನು ಮಣಿಪಾಲಕ್ಕೆ ಒಯ್ಯುವಾಗ ಆಗುಂಬೆ ಅಥವಾ ಹುಲಿಕಲ್ ಘಾಟಿಯಲ್ಲಿ ಕಾರು ನಿಂತರೆ ನಷ್ಟ ಬರೀ ಹಣದ್ದಲ್ಲ.

ಓಡುತ್ತಿದ್ದ ಕಾರು ಒಮ್ಮೆಲೇ ನಿಂತು, ಸ್ಟಾರ್ಟರ್ ಎಂದಿಗಿಂತ ಹಗುರವಾಗಿ ತಿರುಗಿದರೆ ಬೆಲ್ಟ್ ಕಡಿದಿರಬಹುದು. ಆಗ ಮತ್ತೆ ಮತ್ತೆ ಸ್ಟಾರ್ಟ್ ಮಾಡಬೇಡಿ, ನೂಕಿಯೂ ಸ್ಟಾರ್ಟ್ ಮಾಡಬೇಡಿ. ಇದ್ದ ಹಾನಿ ಹೆಚ್ಚಾದೀತು. ಕಟ್ಟಿ ಎಳೆಸುವಾಗ ಗೇರ್ ನ್ಯೂಟ್ರಲ್‌ನಲ್ಲಿರಲಿ.

ಅಡಿಕೆ ಮಂಡಿಗೆ ಹೋಗಿ, ಕಾಫಿ ಕೊಯ್ಲು ಮುಗಿದು, ಮುಂಗಾರು ಬರುವವರೆಗಿನ ಬಿಡುವು ಈ ಕೆಲಸಕ್ಕೆ ತಕ್ಕ ಕಾಲ. ಬದಲಿಸಿದ ತಾರೀಖು ಮತ್ತು ಕಿಲೋಮೀಟರನ್ನು ಒಂದು ಚೀಟಿಯಲ್ಲಿ ಬರೆದು ಬಾನೆಟ್ಟಿನ ಒಳಬದಿಗೆ ಅಂಟಿಸಿರಿ.

— ಕಾರ್ಯದರ್ಶಿ