ಪೀಪಾಯಿಯ ಬಿಯರ್: ಗ್ರಾಹಕರ ಮೆಚ್ಚುಗೆಯೂ ದಾಸ್ತಾನಿನ ಲೆಕ್ಕವೂ

ಇಂಗ್ಲೆಂಡಿನ ಲೀಡ್ಸ್ ನಗರದ ಪ್ರಧಾನ ವ್ಯಾಪಾರ ಬೀದಿಯಾದ ಬ್ರಿಗೇಟ್‌ನಿಂದ ಒಳಸರಿದ ಇಕ್ಕಟ್ಟಾದ ಓಣಿಯೊಂದರಲ್ಲಿ ವಿಟ್‌ಲಾಕ್ಸ್ ಏಲ್ ಹೌಸ್ ಎಂಬ ಪಬ್ ಇದೆ. 1715ರಲ್ಲಿ 'ಟರ್ಕ್ಸ್ ಹೆಡ್' ಎಂಬ ಹೆಸರಿನಿಂದ ಆರಂಭವಾದ ಈ ಪಾನಗೃಹ ಮುಂದೆ ಅದನ್ನು ನಡೆಸಿದ ಕುಟುಂಬದ ಹೆಸರನ್ನೇ ಪಡೆಯಿತು. ಬ್ರಿಟನ್ನಿನ ಹಳೆಯ ನಗರಗಳ ಹೃದಯಭಾಗದಲ್ಲಿ ಇಂತಹ ಸಾಂಪ್ರದಾಯಿಕ ಪಬ್ಬುಗಳು ಇನ್ನೂ ಅನೇಕ ಇವೆ. ಇವುಗಳ ಹೆಗ್ಗಳಿಕೆ 'ರಿಯಲ್ ಏಲ್' ಎಂದು ಕರೆಯಲಾಗುವ ಬಿಯರ್. ಅಲ್ಲಿನ ಗ್ರಾಹಕರ ಅಭಿಪ್ರಾಯಗಳನ್ನು ಲೆಕ್ಕಪತ್ರದ ಕಣ್ಣಿನಿಂದ ಪರಿಶೀಲಿಸಿದರೆ, ಬೇಗ ಕೆಡುವ ಸರಕನ್ನು ಮಾರುವ ಯಾವುದೇ ವರ್ತಕನಿಗೂ ಉಪಯುಕ್ತವಾದ ಸಂಗತಿಯೊಂದು ಗೋಚರಿಸುತ್ತದೆ.

ಮೊದಲಿಗೆ ಸರಕಿನ ಸ್ವರೂಪವನ್ನು ತಿಳಿಯಬೇಕು. ಸಾಮಾನ್ಯ ಬಿಯರನ್ನು ಕಾರ್ಖಾನೆಯಲ್ಲಿಯೇ ಸೋಸಿ, ಇಂಗಾಲದ ಡೈ ಆಕ್ಸೈಡ್ ಅನಿಲದ ಒತ್ತಡದಲ್ಲಿ ತುಂಬಿ ಕಳುಹಿಸಲಾಗುತ್ತದೆ. ರಿಯಲ್ ಏಲ್ ಹಾಗಲ್ಲ. ಅದರಲ್ಲಿ ಯೀಸ್ಟ್ ಜೀವಂತವಾಗಿರುತ್ತದೆ. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಪಾತ್ರೆಯಲ್ಲಿಯೇ ಹುದುಗುವಂತೆ, ಅದು ಪಬ್ಬಿನ ನೆಲಮಾಳಿಗೆಯ ಪೀಪಾಯಿಯಲ್ಲಿಯೇ ಎರಡನೆಯ ಬಾರಿ ಹುದುಗಿ ಪಕ್ವವಾಗುತ್ತದೆ. ಹೊರಗಿನ ಅನಿಲವನ್ನು ಬಳಸದೆ ಕೈಪಂಪಿನಿಂದ ಅದನ್ನು ಮೇಲಕ್ಕೆಳೆದು ಬಡಿಸುತ್ತಾರೆ. ಈ ಪದ್ಧತಿ ನಶಿಸಿಹೋಗುವ ಹಂತದಲ್ಲಿದ್ದಾಗ, 1971ರಲ್ಲಿ ಗ್ರಾಹಕರೇ ಸಂಘಟಿತರಾಗಿ 'ಕ್ಯಾಮ್ರಾ' ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಇದರ ಸದಸ್ಯರು ತಾವು ಕುಡಿದ ಬಿಯರಿಗೆ ಸೊನ್ನೆಯಿಂದ ಐದರವರೆಗೆ ಅಂಕ ನೀಡುತ್ತಾರೆ. ಸಂಸ್ಥೆ ಪ್ರತಿವರ್ಷ ಹೊರತರುವ 'ಗುಡ್ ಬಿಯರ್ ಗೈಡ್' ಕೈಪಿಡಿಗೆ ಪಬ್ಬುಗಳನ್ನು ಆಯ್ಕೆಮಾಡುವಾಗ ಸ್ಥಳೀಯ ಶಾಖೆಗಳು ಈ ಅಂಕಗಳನ್ನು ಪರಿಗಣಿಸುತ್ತವೆ. ಗ್ರಾಹಕನ ಅಭಿಪ್ರಾಯಕ್ಕೆ ಇಷ್ಟು ವ್ಯವಸ್ಥಿತವಾದ ಮನ್ನಣೆ ದೊರೆತಿರುವ ವ್ಯಾಪಾರಗಳು ವಿರಳ.

ಇನ್ನು ದೂರುಗಳು. 'ಬಿಯರ್ ಬೆಚ್ಚಗಿದೆ, ನೊರೆಯ ಚುರುಕಿಲ್ಲ' ಎಂಬುದು ಹೊಸಬರ ಮಾಮೂಲಿ ಆಕ್ಷೇಪಣೆ. ವ್ಯವಹಾರ ನಿಮಿತ್ತ ಇಂಗ್ಲೆಂಡಿಗೆ ಹೋಗುವ, ಮಂಜಿನಂತೆ ತಣ್ಣಗಿರುವ ಬಿಯರಿಗೆ ಒಗ್ಗಿಕೊಂಡ ನಮ್ಮವರಿಗೂ ಮೊದಲ ಗುಟುಕಿನಲ್ಲಿ ಹೀಗೆಯೇ ಅನ್ನಿಸುವುದುಂಟು. ಆದರೆ ನೆಲಮಾಳಿಗೆಯನ್ನು 11ರಿಂದ 13 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುವುದೇ ಅಲ್ಲಿನ ನಿಯಮ, ಅದು ದೋಷವಲ್ಲ. ನೊರೆಯ ವಿಷಯದಲ್ಲಂತೂ ಆಂಗ್ಲರಲ್ಲಿಯೇ ಒಮ್ಮತವಿಲ್ಲ. ಉತ್ತರದವರಿಗೆ ಪಂಪಿನ ಮೂತಿಗೆ ಸಣ್ಣ ರಂಧ್ರಗಳ ಬಿಲ್ಲೆಯನ್ನು ಸಿಕ್ಕಿಸಿ ಎಬ್ಬಿಸಿದ ಕೆನೆಯಂತಹ ನೊರೆ ಬೇಕು. ದಕ್ಷಿಣದವರಲ್ಲಿ ಅನೇಕರಿಗೆ ಅದು ಬೇಡ. ನೊರೆ ಹೆಚ್ಚಾದರೆ ಅಳತೆ ಕಡಿಮೆಯಾಯಿತೆಂಬ ದೂರು ಏಳುತ್ತದೆ. ಒಂದು ಪಿಂಟ್ ಎಂದರೆ 568 ಮಿಲಿಲೀಟರ್. ಅದರಲ್ಲಿ ಕನಿಷ್ಠ ಶೇಕಡಾ 95 ಭಾಗ ದ್ರವವಿರಬೇಕು, ಗ್ರಾಹಕ ಕೇಳಿದರೆ ಲೋಟವನ್ನು ತುಂಬಿಸಿಕೊಡಬೇಕು ಎಂಬುದು ಉದ್ಯಮದ ಮಾರ್ಗಸೂಚಿ. (ಬಿಯರನ್ನು ತಿಳಿಯಾಗಿಸಲು ಮೀನಿನ ಗಾಳಿಚೀಲದಿಂದ ತಯಾರಿಸಿದ ವಸ್ತುವನ್ನು ಬಳಸುವ ರೂಢಿಯಿದೆ, ಸಸ್ಯಾಹಾರಿಗಳು ಮೊದಲೇ ವಿಚಾರಿಸುವುದು ಒಳಿತು.)

ಮಾಲೀಕನು ನಿಜವಾಗಿ ಕಿವಿಗೊಡಬೇಕಾದ ದೂರು ಒಂದೇ: 'ಬಿಯರ್ ಹುಳಿಯಾಗಿದೆ' ಎಂಬುದು. ಪಂಪಿನಿಂದ ಬಿಯರನ್ನು ಎಳೆದಷ್ಟೂ ಪೀಪಾಯಿಯೊಳಗೆ ಗಾಳಿ ಪ್ರವೇಶಿಸುತ್ತದೆ. ಗಾಳಿ ತಾಗಿದ ಬಿಯರ್ ಮೊದಲು ಸಪ್ಪೆಯಾಗಿ, ಬಳಿಕ ವಿನೆಗರಿನ ಕಡೆಗೆ ಸಾಗುತ್ತದೆ. ಆದುದರಿಂದ ತೆರೆದ ಪೀಪಾಯಿಯನ್ನು ಮೂರು ದಿನಗಳೊಳಗೆ ಖಾಲಿಮಾಡಬೇಕೆಂಬುದು ಉದ್ಯಮದಲ್ಲಿ ಸರ್ವಮಾನ್ಯವಾದ ಸೂತ್ರ. ವಿಚಿತ್ರವೆಂದರೆ, ಇದೇ ಗ್ರಾಹಕರು ಪಬ್ಬೊಂದನ್ನು ಹೊಗಳುವಾಗ ಮೊದಲು ಎಣಿಸುವುದು ಕೈಪಂಪುಗಳನ್ನು. ನಾಲ್ಕು ಬಗೆಯಿದ್ದರೆ ಸಾಧಾರಣ, ಎಂಟು ಬಗೆಯಿದ್ದರೆ ಅಮೋಘ! ಈ ಮೆಚ್ಚುಗೆಯೇ ಆ ದೂರಿಗೆ ದಾರಿಯಾಗುತ್ತದೆ.

ಉದಾಹರಣೆಯೊಂದನ್ನು ತೆಗೆದುಕೊಳ್ಳೋಣ. ಪ್ರಚಲಿತವಾದ 'ಫರ್ಕಿನ್' ಪೀಪಾಯಿಯಲ್ಲಿ 9 ಗ್ಯಾಲನ್, ಅಂದರೆ 72 ಪಿಂಟ್ ಹಿಡಿಯುತ್ತದೆ. ತಳದ ಗಷ್ಟು ಹಾಗೂ ಕೊಳವೆಯಲ್ಲಿ ಉಳಿಯುವ ಭಾಗವನ್ನು ಕಳೆದರೆ 68 ಪಿಂಟ್ ಮಾರಾಟಕ್ಕೆ ದೊರೆಯುವುದೆಂದು ಭಾವಿಸೋಣ. ಪಬ್ಬಿನಲ್ಲಿ ದಿನಕ್ಕೆ ಒಟ್ಟು 120 ಪಿಂಟ್ ಏಲ್ ಖರ್ಚಾಗುತ್ತದೆನ್ನಿ. ಐದು ಪಂಪುಗಳಿದ್ದರೆ ಒಂದೊಂದರಲ್ಲಿ ದಿನಕ್ಕೆ 24 ಪಿಂಟ್ ಹೋಗಿ, ಮೂರನೆಯ ದಿನ ಮುಗಿಯುವ ಮುನ್ನವೇ ಪೀಪಾಯಿಗಳು ಬರಿದಾಗುತ್ತವೆ. ಅದೇ ಮಾರಾಟವನ್ನು ಎಂಟು ಪಂಪುಗಳಿಗೆ ಹಂಚಿದರೆ ಪಂಪಿಗೆ ದಿನಕ್ಕೆ 15 ಪಿಂಟ್. ಮೂರು ದಿನಗಳ ಬಳಿಕ ಪ್ರತಿ ಪೀಪಾಯಿಯಲ್ಲೂ 23 ಪಿಂಟ್, ಒಟ್ಟು 184 ಪಿಂಟ್ ಉಳಿಯುತ್ತದೆ. ಮಾರಾಟವಾದದ್ದು ಎರಡೂ ಸಂದರ್ಭಗಳಲ್ಲಿ 360 ಪಿಂಟ್ ಮಾತ್ರ. ಉಳಿದುದನ್ನು ಚರಂಡಿಗೆ ಸುರಿದರೆ ಲಾಭ ಹೋಯಿತು, ನಾಲ್ಕನೆಯ ದಿನವೂ ಬಡಿಸಿದರೆ ಗ್ರಾಹಕ ಹೋದ. ಪೀಪಾಯಿಯ ಖರೀದಿ ಬೆಲೆಯಲ್ಲಿ ಅಬಕಾರಿ ಸುಂಕವೂ ಅಡಗಿರುವುದರಿಂದ ಸುರಿಯಲು ಕೈ ಬರುವುದಿಲ್ಲ. ಅಪಖ್ಯಾತಿ ಹುಟ್ಟುವುದು ಈ ಹಿಂಜರಿಕೆಯಲ್ಲಿ.

ಮಧ್ಯಾಹ್ನದ ಮೊದಲ ಗ್ರಾಹಕನ ಪಾಡು ಬೇರೆ. ರಾತ್ರಿಯೆಲ್ಲ ಕೊಳವೆಯಲ್ಲಿ ನಿಂತ ಬಿಯರ್ ಅವನ ಲೋಟಕ್ಕೇ ಬೀಳುತ್ತದೆ. ಬಾಗಿಲು ತೆರೆಯುವ ಮುನ್ನ ಅದನ್ನು ಎಳೆದು ಚೆಲ್ಲುವ ನಿರ್ವಾಹಕನು ನಿತ್ಯ ಕೆಲವು ಪಿಂಟ್ ಕಳೆದುಕೊಳ್ಳುತ್ತಾನೆ, ಪಂಪುಗಳು ಹೆಚ್ಚಿದಷ್ಟೂ ಈ ನಷ್ಟವೂ ಹೆಚ್ಚು. ಕೆಟ್ಟಿದೆಯೆಂದು ಗ್ರಾಹಕ ಹಿಂದಿರುಗಿಸಿದ ಲೋಟವನ್ನು ವಾದವಿಲ್ಲದೆ ಬದಲಾಯಿಸಿಕೊಡುವುದು ಒಳ್ಳೆಯ ಪಬ್ಬುಗಳ ಸಂಪ್ರದಾಯ. ಹಾಗೆ ಬಂದ ಲೋಟಗಳನ್ನು ಪಂಪುವಾರು ಬರೆದಿಟ್ಟರೆ, ಯಾವ ಪಂಪನ್ನು ಮುಚ್ಚಬೇಕೆಂದು ತಿಳಿಯಲು ಬೇರೆ ತಪಾಸಣೆ ಬೇಕಾಗುವುದಿಲ್ಲ.

ಬಗೆಗಳನ್ನು ಕಡಿಮೆಮಾಡಲು ಮನಸ್ಸಿಲ್ಲದವರಿಗೆ 'ಪಿನ್' ಎಂಬ 36 ಪಿಂಟ್‌ಗಳ ಚಿಕ್ಕ ಪೀಪಾಯಿ ಇದೆ. ಆದರೆ ತೊಳೆಯುವ, ಸಾಗಿಸುವ ಶ್ರಮ ಅದಕ್ಕೂ ಹೆಚ್ಚುಕಡಿಮೆ ಅಷ್ಟೇ ಆದ್ದರಿಂದ ಪಿಂಟ್‌ವಾರು ವೆಚ್ಚ ಏರುತ್ತದೆ. ಪಬ್ಬುಗಳ ಪೀಪಾಯಿ ಬಿಯರಿಗೆ ಸುಂಕ ರಿಯಾಯಿತಿ ನೀಡುವುದಾಗಿ ಬ್ರಿಟಿಷ್ ಸರ್ಕಾರ 2021ರಲ್ಲಿ ಪ್ರಕಟಿಸಿದಾಗ, 40 ಲೀಟರಿಗಿಂತ ದೊಡ್ಡ ಪಾತ್ರೆಗಳಿಗೆ ಮಾತ್ರ ಎಂಬ ಷರತ್ತಿತ್ತು. ಹಾಗಾಗಿದ್ದರೆ ಸುಮಾರು 41 ಲೀಟರಿನ ಫರ್ಕಿನ್ ಒಳಗೆ, ಪಿನ್ ಹೊರಗೆ! ಆಕ್ಷೇಪಣೆಗಳ ನಂತರ ಮಿತಿಯನ್ನು 20 ಲೀಟರಿಗೆ ಇಳಿಸಲಾಯಿತು. ರಿಯಾಯಿತಿ 2023ರ ಆಗಸ್ಟ್ 1ರಿಂದ ಜಾರಿಗೆ ಬಂದಿತು. ಪಿನ್ನಿನ ಅಳತೆ 20 ಲೀಟರಿಗೆ ಅರ್ಧ ಲೀಟರಿನಷ್ಟೂ ಹೆಚ್ಚಿಲ್ಲ.